ನಾಲ್ಕು ವರ್ಷ ಒಂದೇ ಫೋಟೋ ಪೇಪರ್: 260 ಜಿಎಸ್ಎಂ ಮೈಕ್ರೋಪೋರಸ್ ಲಸ್ಟರ್ ಬಳಸಿದ ಅನುಭವ

ನನ್ನ ಹತ್ತಿರ ಅಜ್ಜಿಯ ಒಂದು ಫೋಟೋ ಇದೆ. ಹಿಂದೆ ಕತ್ತಲು, ಹೆಗಲ ಮೇಲೆ ಕಪ್ಪು ಶಾಲು, ಮುಖದ ಒಂದು ಬದಿಗೆ ಮಾತ್ರ ಕಿಟಕಿಯ ಬೆಳಕು. ಹೊಸ ಫೋಟೋ ಪೇಪರ್ ಕೈಗೆ ಬಂದಾಗಲೆಲ್ಲ ಮೊದಲು ಪ್ರಿಂಟ್ ಹಾಕುವುದು ಇದನ್ನೇ. ಇದಕ್ಕೆ ಮೊದಲು ಬಳಸುತ್ತಿದ್ದ ಪೇಪರ್‌ನಲ್ಲಿ ಆ ಶಾಲು ಪೂರ್ತಿ ಹಾಳಾಗಿತ್ತು. ಮಡಿಕೆಗಳೇ ಕಾಣುತ್ತಿರಲಿಲ್ಲ. ಹತ್ತಿರದಿಂದ ನೋಡಿದರೆ ಕಪ್ಪಿನ ಒಳಗೆ ಸಣ್ಣ ಸಣ್ಣ ಕಲೆ. ಎಣ್ಣೆ ಮೆತ್ತಿದ ನೆಲದ ಮೇಲೆ ನೀರು ಚೆಲ್ಲಿದರೆ ಹನಿಗಳು ಒಂದಕ್ಕೊಂದು ಸೇರಿಕೊಳ್ಳುತ್ತವಲ್ಲ, ಹಾಗೆ. ಪ್ರಿಂಟರ್ ಕೆಟ್ಟಿರಬೇಕು ಅಂದುಕೊಂಡು ಇಂಕ್ ಸಿಂಪಡಿಸುವ ಹೆಡ್ ಕ್ಲೀನ್ ಮಾಡಿದೆ, ಇಂಕ್ ಬದಲಿಸಿದೆ. ತಪ್ಪು ಪೇಪರ್‌ನದ್ದು. ಇಂಕ್ ಬೀಳುವಷ್ಟು ಬೇಗ ಅದು ಹೀರಿಕೊಳ್ಳುತ್ತಿರಲಿಲ್ಲ.

ಈಗ ಬಳಸುತ್ತಿರುವ ಪೇಪರ್‌ನಲ್ಲಿ ಅದೇ ಫೋಟೋ ಹಾಕಿದ ದಿನ ಶಾಲಿನ ಐದೂ ಮಡಿಕೆ ಕಂಡವು. ಅಂಚಿನ ನೂಲು ಬಿಚ್ಚಿಕೊಂಡಿದ್ದೂ ಕಂಡಿತು. ಅವತ್ತಿನಿಂದ ಪೇಪರ್ ಬದಲಿಸಿಲ್ಲ. ನಾಲ್ಕು ವರ್ಷ ಆಯಿತು.

ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ಈ ಜಾತಿಯ ಪೇಪರ್ ಹಲವು ಹೆಸರಿನಲ್ಲಿ ಸಿಗುತ್ತದೆ, ನೋಡಬೇಕಾದ್ದು ಜಾತಿಯನ್ನು. ಇದು ಆರ್‌ಸಿ, ಅಂದರೆ ರೆಸಿನ್ ಕೋಟೆಡ್ ಪೇಪರ್. ಮೇಲ್ಮೈ ಲಸ್ಟರ್, ಅಂದರೆ ಸಣ್ಣ ಉಬ್ಬುತಗ್ಗಿನ ಮಂದ ಹೊಳಪು. ಇಂಕ್ ಹಿಡಿಯುವ ಪದರ ಮೈಕ್ರೋಪೋರಸ್, ಅಂದರೆ ತುಂಬಾ ಸಣ್ಣ ರಂಧ್ರಗಳಿರುವ ಲೇಪನ.

ಹಾಳೆಯ ಮೂಲೆಯನ್ನು ನಿಧಾನಕ್ಕೆ ಹರಿದು ನೋಡಿ. ನಡುವಿನ ಕಾಗದ ನಾರು ನಾರಾಗಿ ಹರಿಯುತ್ತದೆ. ಆದರೆ ಎರಡೂ ಕಡೆ ಒಂದು ತೆಳು ಪೊರೆ ಜಗ್ಗಿಕೊಂಡು ಬರುತ್ತದೆ. ಅದು ಪಾಲಿಎಥಿಲೀನ್. ಕಾಗದಕ್ಕೆ ನೀರು ಇಳಿಯದ ಹಾಗೆ ಹಿಂದೆ ಮುಂದೆ ಹೊದಿಸಿದ ಪ್ಲಾಸ್ಟಿಕ್. ಲಸ್ಟರ್‌ನ ಆ ಸಣ್ಣ ಉಬ್ಬುತಗ್ಗು ಮೂಡುವುದೂ ಇದರಲ್ಲೇ. ಬಿಸಿ ಪ್ಲಾಸ್ಟಿಕ್ ಇನ್ನೂ ಮೆತ್ತಗಿರುವಾಗ ವಿನ್ಯಾಸ ಕೊರೆದ ತಣ್ಣನೆಯ ರೋಲರ್ ಅದರ ಮೇಲೆ ಒತ್ತುತ್ತದೆ. ಈ ಪೊರೆಯಿಂದಾಗಿಯೇ ಎಷ್ಟು ಇಂಕ್ ಬಿದ್ದರೂ ಹಾಳೆ ಅಲೆಅಲೆಯಾಗಿ ಸೊಟ್ಟಗಾಗುವುದಿಲ್ಲ. ಆದರೆ ಕಾಗದ ಒಂದು ಹನಿ ಇಂಕನ್ನೂ ಕುಡಿಯುವುದಿಲ್ಲ ಅಂತಾಯಿತು. ಬಿದ್ದ ಇಂಕನ್ನೆಲ್ಲ ಮೇಲಿನ ಲೇಪನ ಒಂದೇ ಹಿಡಿದುಕೊಳ್ಳಬೇಕು.

ಒಂದು ಸಲ ಅವಸರದಲ್ಲಿ ಹಾಳೆಯನ್ನು ತಿರುಗಿಸಿ ಇಟ್ಟು, ಲೇಪನ ಇಲ್ಲದ ಹಿಂಬದಿಗೆ ಪ್ರಿಂಟ್ ಕೊಟ್ಟಿದ್ದೆ. ಹೊರಗೆ ಬಂದಾಗ ಇಂಕ್ ಹಾಳೆಯ ಮೇಲೆ ಹಾಗೇ ನಿಂತಿತ್ತು. ಬಟ್ಟೆಯಿಂದ ಒರೆಸಿದರೆ ಫೋಟೋ ಪೂರ್ತಿ ಬಟ್ಟೆಗೆ ಬಂತು. ಲೇಪನ ಏನು ಕೆಲಸ ಮಾಡುತ್ತಿದೆ ಅನ್ನುವುದು ಅವತ್ತು ಸರಿಯಾಗಿ ಅರ್ಥವಾಯಿತು.

ಲೆಕ್ಕ ಹಾಕಿ ನೋಡಿ. ಇಂಥ ಪೇಪರ್‌ನಲ್ಲಿ ಲೇಪನದ ದಪ್ಪ ಸುಮಾರು 40 ಮೈಕ್ರಾನ್, ಅಂದರೆ 0.04 ಮಿಲಿಮೀಟರ್ ಅಂದುಕೊಳ್ಳಿ. ಒಂದು ಚದರ ಮೀಟರ್‌ಗೆ ಅದು 40 ಮಿಲಿಲೀಟರ್ ಜಾಗ. ಅದರಲ್ಲಿ ಅರ್ಧ ಖಾಲಿ ರಂಧ್ರ ಅಂತಿಟ್ಟುಕೊಂಡರೆ 20 ಮಿಲಿಲೀಟರ್. 16 ಎ4 ಹಾಳೆ ಸೇರಿದರೆ ಒಂದು ಚದರ ಮೀಟರ್. ಹಾಗಾಗಿ ಒಂದು ಎ4 ಹಾಳೆಗೆ ಸಿಗುವುದು ಒಂದೂಕಾಲು ಮಿಲಿಲೀಟರ್, ಅಷ್ಟೇ. ಕಪ್ಪು ಶಾಲು, ಕತ್ತಲ ಹಿನ್ನೆಲೆ ಇರುವ ಫೋಟೋದಲ್ಲಿ ಕೆಲವು ಕಡೆ ಆ ಜಾಗ ತುಂಬುತ್ತಾ ಬರುತ್ತದೆ. ತುಂಬಿದ ಮೇಲೆ ಬಿದ್ದ ಹನಿ ಪಕ್ಕದ ಹನಿಯ ಜೊತೆ ಸೇರಿಕೊಳ್ಳುತ್ತದೆ. ಕಲೆ ಶುರುವಾಗುವುದು ಅಲ್ಲೇ. 260 ಜಿಎಸ್ಎಂ, 300 ಜಿಎಸ್ಎಂ ಅಂತ ಪ್ಯಾಕ್ ಮೇಲೆ ದೊಡ್ಡದಾಗಿ ಬರೆದಿರುತ್ತಾರಲ್ಲ, ಅದು ಒಂದು ಚದರ ಮೀಟರ್‌ಗೆ ಎಷ್ಟು ಗ್ರಾಂ ಅನ್ನುವ ಇಡೀ ಹಾಳೆಯ ತೂಕ. ಕೈಗೆ ಗಟ್ಟಿ ಅನಿಸುತ್ತದೆ, ಸರಿ. ಚಿತ್ರ ಹೇಗೆ ಬರುತ್ತದೆ ಅನ್ನುವುದಕ್ಕೂ ಅದಕ್ಕೂ ಸಂಬಂಧ ಕಡಿಮೆ.

ಈ ಲೇಪನ ಮಾಡುವ ಕೆಲಸದ ಬಗ್ಗೆ ನನಗೆ ನಿಜವಾಗಿ ಗೌರವ ಇದೆ. ತುಂಬಾ ಸಣ್ಣ ಸಿಲಿಕಾ ಅಥವಾ ಅಲ್ಯುಮಿನಾ ಕಣಗಳನ್ನು ನೀರಿನಲ್ಲಿ ಕಲಸಿ, ಅವು ಅಂಟಿಕೊಳ್ಳಲು ಪಾಲಿವಿನೈಲ್ ಆಲ್ಕೋಹಾಲ್ ಸೇರಿಸುತ್ತಾರೆ. ಕಣಗಳ ನಡುವೆ ಉಳಿಯುವ ಸಂದುಗಳೇ ಇಂಕ್ ಕುಡಿಯುವ ರಂಧ್ರಗಳು. ಅವುಗಳ ಅಳತೆ ಕೆಲವು ಹತ್ತು ನ್ಯಾನೋಮೀಟರ್. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆ ಸುಮಾರು 400ರಿಂದ 700 ನ್ಯಾನೋಮೀಟರ್. ರಂಧ್ರ ಅದಕ್ಕಿಂತ ತುಂಬಾ ಚಿಕ್ಕದು, ಹಾಗಾಗಿ ಬೆಳಕು ಜಾಸ್ತಿ ಚದುರದೆ ಒಳಗೆ ಹೋಗಿ ಬರುತ್ತದೆ. ಕಪ್ಪು ಕಪ್ಪಾಗೇ ಕಾಣುತ್ತದೆ. ಹೊಳಪಿಲ್ಲದ ಮ್ಯಾಟ್ ಪೇಪರ್‌ನಲ್ಲಿ ಕಣಗಳು ದೊಡ್ಡವು, ಬೆಳಕು ಚದುರುತ್ತದೆ. ಅಲ್ಲಿ ಕಪ್ಪು ಸ್ವಲ್ಪ ಬೂದಿಯಾಗಿ ಕಾಣಲು ಅದೂ ಒಂದು ಕಾರಣ.

ಅಂಟು ಎಷ್ಟಿರಬೇಕು ಅನ್ನುವಲ್ಲಿ ಮಾತ್ರ ಅತ್ತ ದರಿ, ಇತ್ತ ಪುಲಿ. ಜಾಸ್ತಿಯಾದರೆ ರಂಧ್ರಗಳೇ ಮುಚ್ಚಿಹೋಗಿ ಇಂಕ್ ಮೇಲೇ ನಿಲ್ಲುತ್ತದೆ. ಕಡಿಮೆಯಾದರೆ ಲೇಪನ ಪುಡಿ ಪುಡಿಯಾಗಿ ಉದುರುತ್ತದೆ. ಒಣಗಿಸುವಾಗ ಇನ್ನೊಂದು ಕಷ್ಟ. ಕೆರೆಯ ಕೆಸರು ಒಣಗಿ ಬಿರಿಯುವ ಹಾಗೆ ಈ ಪದರವೂ ಕುಗ್ಗಿ ಬಿರುಕು ಬಿಡಲು ನೋಡುತ್ತದೆ. ಅದನ್ನು ತಡೆಯಲು ಬೋರಿಕ್ ಆಮ್ಲ ಬಳಸುತ್ತಾರೆ. ಅದು ಪಾಲಿವಿನೈಲ್ ಆಲ್ಕೋಹಾಲ್‌ನ ಎಳೆಗಳನ್ನು ಒಂದಕ್ಕೊಂದು ಹೆಣೆದು, ಒಣಗುವ ಮೊದಲೇ ಪದರವನ್ನು ಗಟ್ಟಿ ಮಾಡುತ್ತದೆ. ಆಮೇಲೆ ಬಣ್ಣ ಹಿಡಿಯುವ ವಿಷಯ. ಡೈ ಇಂಕ್ ಅಂದರೆ ಬಣ್ಣ ದ್ರವದಲ್ಲಿ ಪೂರ್ತಿ ಕರಗಿರುವ ಇಂಕ್. ಡೈ ಇಂಕ್‌ನ ಬಣ್ಣದ ಅಣುಗಳಿಗೆ ಋಣ ವಿದ್ಯುದಂಶ ಇರುತ್ತದೆ, ಸಿಲಿಕಾದ ಮೈಗೂ ಅದೇ. ಸುಮ್ನೆ ಬಿಟ್ಟರೆ ಎರಡೂ ದೂರ ಸರಿಯುತ್ತವೆ. ಅದಕ್ಕೇ ಧನ ವಿದ್ಯುದಂಶ ಇರುವ ಪಾಲಿಮರ್ ಸೇರಿಸುತ್ತಾರೆ. ಬಣ್ಣ ಮೇಲಿನ ಭಾಗದಲ್ಲೇ ಗಟ್ಟಿಯಾಗಿ ಕೂರುತ್ತದೆ, ನೀರು ಮಾತ್ರ ಕೆಳಗೆ ಇಳಿಯುತ್ತದೆ. ನನ್ನ ಪ್ರಿಂಟ್ ಮೇಲೆ ಒಮ್ಮೆ ನೀರಿನ ಹನಿ ಬಿತ್ತು. ಒತ್ತಿ ಹೀರಿ ತೆಗೆದೆ, ಬಣ್ಣ ಹರಡಲಿಲ್ಲ.

ಇನ್ನು ದೂರು. ಇದರ ದೊಡ್ಡ ಗುಣವೇ ದೊಡ್ಡ ದೋಷ.

ರಂಧ್ರ ಇಂಕನ್ನು ಒಳಗೆ ಬಿಡುತ್ತದೆ, ಗಾಳಿಯನ್ನೂ ಬಿಡುತ್ತದೆ. ಮೊದಲ ವರ್ಷ ನನ್ನದು ಡೈ ಇಂಕ್ ಪ್ರಿಂಟರ್. ಒಂದು ಪ್ರಿಂಟನ್ನು ಗಾಜು ಹಾಕಿ ಫ್ರೇಮ್ ಮಾಡಿದೆ, ಇನ್ನೊಂದನ್ನು ಹಾಗೇ ಮೇಜಿನ ಎದುರಿನ ಗೋಡೆಗೆ ಅಂಟಿಸಿದೆ. ಬಿಸಿಲು ಎರಡರ ಮೇಲೂ ಬೀಳುತ್ತಿರಲಿಲ್ಲ. ಎಂಟು ತಿಂಗಳಿಗೆ ಗೋಡೆಯ ಪ್ರಿಂಟ್‌ನಲ್ಲಿ ಸಯಾನ್, ಅಂದರೆ ಹಸಿರು ಮಿಶ್ರಿತ ನೀಲಿ, ಕಳೆದುಹೋಗಿತ್ತು. ಮುಖಗಳು ಕೆಂಪಗೆ, ಆಕಾಶ ಬೂದಿಗೆ ತಿರುಗಿತ್ತು. ಗಾಜಿನ ಹಿಂದಿನದು ಚೆನ್ನಾಗೇ ಇತ್ತು. ಇದು ಗಾಳಿಯಲ್ಲಿರುವ ಓಝೋನ್ ಮಾಡುವ ಕೆಲಸ. ಜೆಲಟಿನ್ ಥರದ ಪಾಲಿಮರ್ ಬಳಸಿ ಮಾಡಿದ, ಇಂಕ್ ಬಿದ್ದಾಗ ಊದಿಕೊಳ್ಳುವ ಜಾತಿಯ ಪೇಪರ್‌ನಲ್ಲಿ ಈ ತೊಂದರೆ ತುಂಬಾ ಕಡಿಮೆ, ಯಾಕೆಂದರೆ ಒಣಗಿದ ಮೇಲೆ ಪಾಲಿಮರ್ ಬಣ್ಣವನ್ನು ಮುಚ್ಚಿಕೊಳ್ಳುತ್ತದೆ. ಆದರೆ ಅದು ಒಣಗಲು ತಡ, ಒದ್ದೆ ಕೈ ತಾಗಿದರೆ ಅಂಟುತ್ತದೆ. ಬೇಗ ಒಣಗುವುದು ಬೇಕೋ, ಗಾಳಿಯಿಂದ ರಕ್ಷಣೆ ಬೇಕೋ ಅಂತ ಪೇಪರ್ ರೂಪಿಸುವವರು ಮೊದಲೇ ತೀರ್ಮಾನ ಮಾಡಿರುತ್ತಾರೆ. ನಾವು ಖರೀದಿಸುವುದು ಆ ತೀರ್ಮಾನವನ್ನು. ಪ್ಯಾಕ್ ಮೇಲೆ ಇದನ್ನು ಒಂದು ಸಾಲಿನಲ್ಲಾದರೂ ಬರೆಯಬೇಕಿತ್ತು. ಜನ ಮಕ್ಕಳ ಫೋಟೋ ಪ್ರಿಂಟ್ ಹಾಕಿ ಗೋಡೆಗೆ ಅಂಟಿಸುತ್ತಾರೆ, ಅಲ್ವಾ? ಅವರಿಗೆ ಇದು ಗೊತ್ತಿರಬೇಕು.

ಎರಡನೇ ವರ್ಷ, ಬಣ್ಣ ಕರಗದೆ ಸಣ್ಣ ಕಣಗಳಾಗಿಯೇ ಇರುವ ಪಿಗ್ಮೆಂಟ್ ಇಂಕ್ ಪ್ರಿಂಟರ್‌ಗೆ ಬದಲಾದೆ. ಬಣ್ಣ ಮಾಸುವ ಚಿಂತೆ ಹೆಚ್ಚುಕಡಿಮೆ ಹೋಯಿತು. ಹೊಸ ಚಿಂತೆ ಬಂತು. ಪಿಗ್ಮೆಂಟ್ ಕಣಗಳು ರಂಧ್ರಕ್ಕಿಂತ ದೊಡ್ಡವು, ಒಳಗೆ ಇಳಿಯದೆ ಮೇಲೆ ಕೂರುತ್ತವೆ. ಹಾಗಾಗಿ ಉಗುರು ತಾಗಿದರೂ ಗೀರು. ಬಿಳಿ ಮೋಡ ಇರುವಲ್ಲಿ ಇಂಕ್ ಇಲ್ಲದೆ ಹೊಳಪು ಒಂದು ಥರ, ಪಕ್ಕದ ನೀಲಿಯಲ್ಲಿ ಇನ್ನೊಂದು ಥರ. ಹಾಳೆಯನ್ನು ವಾರೆಯಾಗಿ ಹಿಡಿದರೆ ಗಾಢ ಬಣ್ಣದಲ್ಲಿ ತಾಮ್ರದ ಮಿಂಚು. ಲಸ್ಟರ್‌ನ ಉಬ್ಬುತಗ್ಗು ಇದನ್ನು ಸಾಕಷ್ಟು ಮರೆಮಾಚುತ್ತದೆ. ಇದೇ ಕೋಟಿಂಗ್‌ನ ನುಣುಪು ಹೊಳಪಿನ ಗ್ಲಾಸಿ ಹಾಳೆ ಬಳಸಿ ನೋಡಿದೆ, ಅಲ್ಲಿ ಎದ್ದು ಕಾಣುತ್ತದೆ. ಪಿಗ್ಮೆಂಟ್ ಇಂಕ್ ಇರುವವರು ಲಸ್ಟರ್ ತೆಗೆದುಕೊಳ್ಳಿ ಅನ್ನುವುದು ಇದಕ್ಕೇ.

ಬಿಳುಪಿನ ಬಗ್ಗೆ ಒಂದು ಮಾತು. ಬೆಳ್ಳಗಿರುವುದೆಲ್ಲ ಹಾಲಲ್ಲ. ಕತ್ತಲೆ ಕೋಣೆಯಲ್ಲಿ ಯುವಿ ಟಾರ್ಚ್ ಬಿಟ್ಟರೆ ಈ ಹಾಳೆ ನೀಲಿಯಾಗಿ ಹೊಳೆಯುತ್ತದೆ. ಬ್ರೈಟ್ನರ್ ಹಾಕಿದ್ದಾರೆ. ಅದು ಕಣ್ಣಿಗೆ ಕಾಣದ ಯುವಿ ಬೆಳಕನ್ನು ತೆಗೆದುಕೊಂಡು ನೀಲಿ ಬೆಳಕಾಗಿ ಹೊರಗೆ ಬಿಡುತ್ತದೆ. ಹೊಸದರಲ್ಲಿ ಚೆಂದ. ವರ್ಷ ಕಳೆದಂತೆ ಬ್ರೈಟ್ನರ್ ಶಕ್ತಿ ಕಳೆದುಕೊಂಡು ಪೇಪರ್ ತನ್ನ ನಿಜವಾದ ಬಣ್ಣಕ್ಕೆ, ಸ್ವಲ್ಪ ಕೆನೆ ಬಣ್ಣಕ್ಕೆ ಇಳಿಯುತ್ತದೆ. ಕಪ್ಪು ಬಿಳುಪು ಪ್ರಿಂಟ್‌ಗಳಲ್ಲಿ ಇದು ಬೇಗ ಗೊತ್ತಾಗುತ್ತದೆ. ತಲೆಮಾರು ಉಳಿಯಬೇಕಾದ ಫೋಟೋಗಳಿಗೆ ನಾನು ಬ್ರೈಟ್ನರ್ ಇಲ್ಲದ ಹತ್ತಿ ನಾರಿನ ಪೇಪರ್ ಬಳಸುತ್ತೇನೆ. ಅದು ಬೇರೆಯೇ ಲೋಕ.

ಇನ್ನೊಂದು ಪೆಟ್ಟು ಬಿದ್ದಿದ್ದು ಆಲ್ಬಂನಿಂದ. ಅಗ್ಗದ ಪ್ಲಾಸ್ಟಿಕ್ ಹಾಳೆಯ ಒಳಗಿಟ್ಟ ಹನ್ನೆರಡು ಪ್ರಿಂಟ್ ಒಂದು ವರ್ಷದ ನಂತರ ತೆಗೆದು ನೋಡಿದರೆ ಅಂಚಿನಿಂದ ಒಳಕ್ಕೆ ಹಳದಿ ಏರಿತ್ತು. ನಡುಭಾಗ ಬೆಳ್ಳಗೇ ಇತ್ತು. ಕೆಲವು ಪ್ಲಾಸ್ಟಿಕ್, ಅಂಟು, ರಟ್ಟಿನಲ್ಲಿ ಬಿಎಚ್‌ಟಿ ಎಂಬ ರಾಸಾಯನಿಕ ಇರುತ್ತದೆ. ಅದು ಆವಿಯಾಗಿ ಬಂದು ರಂಧ್ರಗಳಲ್ಲಿ ಸೇರಿ ಹಳದಿಯಾಗುತ್ತದೆ. ಈಗ ಫೋಟೋ ಸಂಗ್ರಹಕ್ಕೇ ಮಾಡಿದ ಪಾಲಿಯೆಸ್ಟರ್ ಕವರ್ ಬಳಸುತ್ತೇನೆ. ಆಮೇಲೆ ಹಾಗಾಗಿಲ್ಲ.

ನಾಲ್ಕು ವರ್ಷದಲ್ಲಿ ಒಂದೇ ಒಂದು ಪ್ಯಾಕ್ ಪೂರ್ತಿ ಕೈಕೊಟ್ಟಿತು. ಹಾಳೆಯ ಅಂಚಿನಲ್ಲಿ ಬಿಳಿ ಪುಡಿ. ಆ ಪುಡಿಯ ಮೇಲೆ ಇಂಕ್ ಬಿದ್ದು, ಆಮೇಲೆ ಪುಡಿ ಉದುರಿ, ಅಜ್ಜಿಯ ಕಪ್ಪು ಶಾಲಿನ ಮೇಲೆ ಬಿಳಿ ಚುಕ್ಕೆ. ಅವತ್ತಿನಿಂದ ಪ್ರತಿ ಹಾಳೆಯನ್ನೂ ಮೆತ್ತನೆಯ ಬ್ರಷ್‌ನಿಂದ ಒಮ್ಮೆ ಸವರಿಯೇ ಪ್ರಿಂಟರ್‌ಗೆ ಹಾಕುವುದು. ಒಣ ಹವೆಯಲ್ಲಿ ಮೂಲೆಗಳು ಮೇಲೇಳುತ್ತವೆ, ಹೆಡ್‌ಗೆ ತಾಗಿ ಕಪ್ಪು ಗೆರೆ ಬೀಳುತ್ತದೆ. ಪ್ಯಾಕನ್ನು ಮುಚ್ಚಿ, ಹಾಳೆ ಸಪಾಟಾಗಿರುವಂತೆ ಇಟ್ಟರೆ ಈ ಕಾಟ ಇಲ್ಲ.

ಪ್ರಿಂಟ್ ಮುಟ್ಟಲು ಒಂದೇ ನಿಮಿಷದಲ್ಲಿ ಒಣಗಿದಂತೆ ಇರುತ್ತದೆ. ನಂಬಬೇಡಿ. ನೀರು ಹೋಗಿದ್ದರೂ ಇಂಕ್‌ನಲ್ಲಿರುವ ಗ್ಲೈಕಾಲ್ ಥರದ ದ್ರವ ನಿಧಾನಕ್ಕೆ ಹೊರಗೆ ಬರುತ್ತಲೇ ಇರುತ್ತದೆ. ಅವಸರದಲ್ಲಿ ಫ್ರೇಮ್ ಹಾಕಿದ ಒಂದು ಪ್ರಿಂಟ್‌ನಲ್ಲಿ ಗಾಜಿನ ಒಳಗೆ ಮಂಜು ಕಟ್ಟಿತ್ತು. ನಾನು ಒಂದು ದಿನ ತೆರೆದಿಟ್ಟು, ಮೇಲೆ ಸಾದಾ ಕಾಗದ ಹೊದಿಸಿ ಇನ್ನೊಂದೆರಡು ದಿನ ಇಟ್ಟು, ಆಮೇಲೆ ಫ್ರೇಮ್ ಮಾಡುತ್ತೇನೆ. ಪ್ರೊಫೈಲ್‌ಗೆ, ಅಂದರೆ ಈ ಪೇಪರ್‌ನಲ್ಲಿ ಬಣ್ಣ ಸರಿಯಾಗಿ ಬರುವಂತೆ ಹೊಂದಿಸುವ ಫೈಲ್‌ಗೆ, ಬಣ್ಣ ಅಳೆಯುವುದೂ 24 ಗಂಟೆ ಕಳೆದ ಮೇಲೆಯೇ.

ಹೋದ ವಾರ ಅಜ್ಜಿಯ ಫೋಟೋವನ್ನು ಅದೇ ಫೈಲಿನಿಂದ ಮತ್ತೆ ಪ್ರಿಂಟ್ ಹಾಕಿ, ಮೂರು ವರ್ಷದಿಂದ ಗಾಜಿನ ಹಿಂದೆ ಇರುವ ಪಿಗ್ಮೆಂಟ್ ಪ್ರಿಂಟ್ ಪಕ್ಕ ಇಟ್ಟೆ. ಶಾಲಿನ ಕಪ್ಪು ಎರಡರಲ್ಲೂ ಒಂದೇ. ಕೆನ್ನೆಯ ಬಣ್ಣ ಒಂದೇ. ಹಳೆಯದರ ಬಿಳಿ ಅಂಚು ಮಾತ್ರ ಒಂದು ಎಳೆ ಬೆಚ್ಚಗಾಗಿದೆ, ಜೊತೆಗಿಟ್ಟು ನೋಡಿದರೆ ಮಾತ್ರ ಗೊತ್ತಾಗುವಷ್ಟು. ಇನ್ನೂ ಎರಡು ಪ್ಯಾಕ್ ತರಿಸಿದ್ದೇನೆ. ಬ್ಯಾಚ್ ನಂಬರ್ ಬೇರೆ ಇದೆ, ಹಾಗಾಗಿ ಬಣ್ಣದ ಚಾರ್ಟ್ ಹೊಸದಾಗಿ ಪ್ರಿಂಟ್ ಹಾಕಿ ಒಣಗಲು ಬಿಟ್ಟಿದ್ದೇನೆ. ನಾಳೆ ಅಳೆಯಬೇಕು.