ಆಡು-ಹುಲಿ ಆಟಕ್ಕೆ ವ್ಯಾಸಲ್: ಬಹುಕಾಲ ಬಳಸಿದವರ ಮಾತು

ಆಡು-ಹುಲಿ, ಚೌಕಾಬಾರದಂಥ ಆಟಗಳನ್ನು ದೂರದೂರಲ್ಲಿರುವವರ ಜೊತೆ ಆಡಲು ನನ್ನ ಮೊದಲ ಆಯ್ಕೆ ವ್ಯಾಸಲ್. ಹಾಸಿನ ಆಟಗಳನ್ನು ಕಂಪ್ಯೂಟರಿನಲ್ಲಿ ಆಡುವ ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಇದು ಹಾಸು, ಕಾಯಿ, ದಾಳ ಮಾಡಿಕೊಳ್ಳುವ ಸಲಕರಣೆ ಒದಗಿಸುತ್ತದೆ, ನಿಯಮ ಮಾತ್ರ ಆಡುವವರಿಗೇ ಬಿಟ್ಟದ್ದು. ನಮ್ಮ ಆಟಗಳಿಗೆ ಬೇಕಾದದ್ದೂ ಅದೇ. ಎಷ್ಟು ಆಡು ಹೋದರೆ ಹುಲಿ ಗೆದ್ದಂತೆ, ಹೊಡೆಯುವುದು ಕಡ್ಡಾಯವೇ ಎಂಬುದೆಲ್ಲ ಊರಿಗೊಂದು ರೀತಿ. ನಿಯಮ ಒಳಗೇ ಬರೆದಿಟ್ಟ ಆ್ಯಪ್‌ಗಳಲ್ಲಿ ಯಾವುದೋ ಒಂದೂರಿನ ಪದ್ಧತಿಯೇ ಎಲ್ಲರಿಗೂ.

ಆಡು-ಹುಲಿಯ ಮಾಡ್ಯೂಲ್ (ಒಂದು ಆಟದ ಹಾಸು, ಕಾಯಿಗಳೆಲ್ಲ ಇರುವ ಕಡತ) ನಾವೇ ಮಾಡಿಕೊಳ್ಳುವಾಗ ಹೆಚ್ಚು ಕೆಲಸ ಇರುವುದು ತ್ರಿಕೋನದ ಹಾಸಿನಲ್ಲಿ. ತುದಿಯಲ್ಲಿ 1, ಮೂರು ಅಡ್ಡಗೆರೆಗಳಲ್ಲಿ ಆರಾರು, ತಳದಲ್ಲಿ 4, ಒಟ್ಟು 23 ಮನೆ. ಚಿತ್ರವನ್ನು 1000 ಪಿಕ್ಸೆಲ್ ಚೌಕದಲ್ಲಿ ಬರೆದು, ತುದಿಯನ್ನು ಮೇಲಿಂದ 50ರಲ್ಲಿ, ತಳವನ್ನು 950ರಲ್ಲಿ ಇಟ್ಟು, ತಳದ ಅಗಲ 700 ಮಾಡಿದಿರಿ ಎನ್ನಿ. ಮೊದಲ ಅಡ್ಡಗೆರೆ 200ರಲ್ಲಿದ್ದರೆ, ತುದಿಯಿಂದ ತಳಕ್ಕೆ ಇಳಿಯುವ ನಾಲ್ಕು ಗೆರೆಗಳ ನಡುವೆ ಅಲ್ಲಿ ಅಂತರ 39 ಪಿಕ್ಸೆಲ್ ಮಾತ್ರ. 60 ಪಿಕ್ಸೆಲ್ ಕಾಯಿಗಳು ಒಂದರ ಮೇಲೊಂದು ಏರುತ್ತವೆ. ಗೆರೆಯನ್ನು 300ಕ್ಕೆ ಇಳಿಸಿ, ಅಂತರ 65 ಆಗುತ್ತದೆ.

ಮನೆಗಳಿಗೆ ಇರ್‍ರೆಗ್ಯುಲರ್ ಗ್ರಿಡ್ (ಕಾಯಿ ಕೂರುವ ಬಿಂದುಗಳನ್ನು ನಾವೇ ಗುರುತಿಸುವ ಜಾಲ) ಆರಿಸಿ ಒಂದೊಂದು ಬಿಂದುವಿಗೂ ಹೆಸರು ಕೊಡಬೇಕು. ಆದರೆ ಅದನ್ನು ನೇರವಾಗಿ ಹಾಸಿಗೆ ಹಾಕಿದರೆ, ಹೊಡೆದ ಆಡನ್ನು ಪಕ್ಕಕ್ಕಿಟ್ಟಾಗಲೂ ಅದು ಹತ್ತಿರದ ಮನೆಗೇ ಹೋಗಿ ಅಂಟುತ್ತದೆ. ಮೊದಲು ಹಾಸನ್ನು ಝೋನ್ ಅಂದರೆ ಭಾಗಗಳಾಗಿ ವಿಂಗಡಿಸುವ ಮಲ್ಟಿ-ಝೋನ್ ಗ್ರಿಡ್ ಸೇರಿಸಿ, 23 ಮನೆಗಳ ಸುತ್ತ ಒಂದು ಝೋನ್ ಎಳೆದು, ಅದರೊಳಗೆ ಈ ಗ್ರಿಡ್ ಇಡಿ. ಹೊರಗಿನ ಜಾಗ ಮುಕ್ತವಾಗಿ ಉಳಿಯುತ್ತದೆ, 15 ಆಡುಗಳ ಆರಂಭದ ಗುಡ್ಡೆಯನ್ನೂ ಅಲ್ಲೇ ಇಡಬಹುದು. ಆಡುಗಳ ಸಮಾನ ಗುಣಗಳನ್ನು, ಹಲವು ಕಾಯಿಗಳಿಗೆ ಒಂದೇ ಅಚ್ಚಿನಂತಿರುವ ಪ್ರೋಟೊಟೈಪ್‌ನಲ್ಲಿ ಬರೆದರೆ ಒಂದು ಕಡೆ ತಿದ್ದಿದರೆ ಸಾಕು. ಕಾಯಿಯ ಗುಣಗಳನ್ನು ಬದಲಿಸಿದ ಮೇಲೆ ಹಳೆಯ ಸೇವ್ ಕಡತದಲ್ಲಿ ಹಳೇ ಕಾಯಿಗಳೇ ಉಳಿದಿರುತ್ತವೆ. ಕಾಯಿಗಳನ್ನು ಹೊಸದಾಗಿಸುವ ರಿಫ್ರೆಶ್ ಕೌಂಟರ್ಸ್ ಆದೇಶ ಓಡಿಸದೆ ಅವು ಬದಲಾಗುವುದಿಲ್ಲ.

ಚೌಕಾಬಾರದ ಹಾಸು ಸುಲಭ, 5×5 ಚೌಕದ ಗ್ರಿಡ್ ಸಾಕು. ಸೂಕ್ಷ್ಮ ಇರುವುದು ಕವಡೆಯಲ್ಲಿ. ಮುಖಗಳಿಗೆ ಚಿತ್ರ ಹಾಕಬಹುದಾದ ಸಿಂಬಾಲಿಕ್ ಡೈಸ್ ಬಟನ್‌ನಲ್ಲಿ ಎರಡು ಮುಖದ ನಾಲ್ಕು ದಾಳ ಮಾಡಿ, ಬಾಯಿ ಮೇಲಾದರೆ 1, ಕವುಚಿ ಬಿದ್ದರೆ 0 ಕೊಡಿ. ಮೊತ್ತ 0 ಬಂದರೆ ಅದೇ ಎಂಟರ ಗರ. ಹೀಗೆ ಮಾಡಿದಾಗ ನಾಲ್ಕು, ಎಂಟು ಒಂದೊಂದೂ 16ರಲ್ಲಿ 1 ಸಲ ಬೀಳುತ್ತದೆ. ನಿಜವಾದ ಕವಡೆ ಎರಡೂ ಬದಿಗೆ ಸಮನಾಗಿ ಬೀಳುವ ವಸ್ತುವಲ್ಲ. ಮನೆಯ ಕವಡೆಗಳನ್ನು ನೂರು ಸಲ ಎಸೆದು ಎಣಿಸಿ, ಐದರಲ್ಲಿ ಮೂರು ಸಲ ಬಾಯಿ ಮೇಲಾಗುತ್ತಿದ್ದರೆ ದಾಳಕ್ಕೆ ಐದು ಮುಖ ಕೊಟ್ಟು ಮೂರರಲ್ಲಿ ಬಾಯಿ ಮೇಲಾದ ಕವಡೆಯ ಚಿತ್ರ ಹಾಕಿ. ಆಟದ ಗತಿಯೇ ಬದಲಾಗುತ್ತದೆ, ಹಳಬರು ಅದನ್ನು ಕೂಡಲೇ ಗುರುತಿಸುತ್ತಾರೆ.

ಬೆಂಗಳೂರಿನಲ್ಲಿ ಒಬ್ಬರು, ಅಮೆರಿಕದಲ್ಲಿ ಒಬ್ಬರು ಇದ್ದಾಗ ನಡೆಗಳನ್ನು ದಾಖಲಿಸುವ ಲಾಗ್ ಕಡತವೇ ಅನುಕೂಲ. ಮೊದಲು ಲಾಗ್ ಶುರು ಮಾಡಿ, ಆಮೇಲೆ ಕಾಯಿ ನಡೆಸಿ, ಮುಗಿಸಿ ಮೇಲ್ ಮಾಡಿ. ನಡೆಸಿದ ಮೇಲೆ ಲಾಗ್ ಶುರು ಮಾಡಿದರೆ ಎದುರಾಳಿಗೆ ಕಾಯಿ ಎಲ್ಲಿದೆ ಎಂಬುದಷ್ಟೇ ಕಾಣುತ್ತದೆ, ನಡೆದ ದಾರಿ ಕಾಣುವುದಿಲ್ಲ. ಇಬ್ಬರ ಬಳಿಯೂ ಒಂದೇ ಆವೃತ್ತಿಯ ಮಾಡ್ಯೂಲ್ ಇರಲಿ.

ದೊಡ್ಡ ಕೊರತೆ ಮೊಬೈಲ್. ವ್ಯಾಸಲ್ ಫೋನಿಗಾಗಿ ಮಾಡಿದ್ದಲ್ಲ, ಅಜ್ಜಿಯ ಜೊತೆ ಆಡಬೇಕೆಂದರೆ ಅವರ ಮುಂದೆ ಲ್ಯಾಪ್‌ಟಾಪ್ ಇಡಲೇಬೇಕು. ಐದರಲ್ಲಿ ಒಂದು ನಕ್ಷತ್ರ ಕಳೆದದ್ದು ಅದಕ್ಕೇ.