ಶಿರಿಯವೋ, ಬೇಕಲವೋ, ವಲಿಯಪರಂಬವೋ: ಕಾಸರಗೋಡಿನ ಕಡಲ ಬದಿಯಲ್ಲಿ ಟೆಂಟ್ ಹಾಕುವವರಿಗೆ

ತಲಪಾಡಿ ದಾಟಿದರೆ ಕಾಸರಗೋಡು ಜಿಲ್ಲೆ. ಅಲ್ಲಿಂದ ತೃಕ್ಕರಿಪುರದವರೆಗೂ ಮರಳು, ತೆಂಗು, ದೋಣಿ. ಇಷ್ಟುದ್ದದ ಕಡಲ ಬದಿಯಲ್ಲಿ ಒಂದು ರಾತ್ರಿ ಎಲ್ಲಿ ಉಳಿಯುವುದು? ಮಂಗಳೂರಿನ ಗೆಳೆಯರು ನನ್ನಲ್ಲಿ ಕೇಳುವುದು ಇದನ್ನೇ. ಬೀಚ್ ಚಂದ ಇದೆಯಾ ಅಂತ ನೋಡಬೇಡಿ, ಹತ್ತಿರ ಅಳಿವೆ ಇದೆಯಾ ಅಂತ ನೋಡಿ ಅನ್ನುವುದು ನನ್ನ ಉತ್ತರ. ಹೊಳೆ ಕಡಲು ಸೇರುವಲ್ಲಿ ಕೆಸರು, ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಸಣ್ಣ ಮೀನು, ಏಡಿ ಎಲ್ಲ ಒಟ್ಟಿಗೆ ಸಿಗುತ್ತವೆ. ಅವು ಇದ್ದಲ್ಲಿಗೆ ಹಕ್ಕಿ ಬರುತ್ತದೆ. ಬರೀ ಮರಳಿನ ಬೀಚಿಗೆ ಹೋದರೆ ಸೂರ್ಯ ಮುಳುಗುವುದನ್ನು ನೋಡಿ ಬರಬಹುದು, ಅಷ್ಟೆ.

ನಾವು ಉಳಿದು ನೋಡಿದ ಮೂರು ಜಾಗಗಳನ್ನು ಇಲ್ಲಿ ಹೋಲಿಸುತ್ತೇನೆ. ಉತ್ತರದಲ್ಲಿ ಕುಂಬಳೆ ಪಕ್ಕದ ಶಿರಿಯ ಅಳಿವೆ. ನಡುವೆ ಬೇಕಲ ಮತ್ತು ಅದರ ಹತ್ತಿರದ ಕಾಪಿಲ್ ಬೀಚ್. ದಕ್ಷಿಣದ ತುದಿಯಲ್ಲಿ ವಲಿಯಪರಂಬ. ಮೂರಕ್ಕೂ ಹೋದದ್ದು ನವೆಂಬರ್‌ನಿಂದ ಫೆಬ್ರವರಿ ನಡುವೆ. ಜೊತೆಗೆ ಭಾವ, ಅಕ್ಕ, ಅವರ ಇಬ್ಬರು ಮಕ್ಕಳು. ಟೆಂಟ್ ಕೂಡ ಅವೇ. ಹಾಗಾಗಿ ಹೋಲಿಕೆ ಸುಲಭವಾಯಿತು.

ಒಂದು ವಿಷಯ ಮೊದಲೇ ಹೇಳಬೇಕು. ಮೂರು ಕಡೆಯಲ್ಲೂ ನಾವು ಬೀಚಿನ ಮರಳಿನ ಮೇಲೆ ಟೆಂಟ್ ಹಾಕಲಿಲ್ಲ. ಹಿಂದಿನ ತೆಂಗಿನ ತೋಟದವರನ್ನು ಕೇಳಿ, ಅವರ ಹಿತ್ತಲಲ್ಲಿ ಹಾಕಿದೆವು. ಇದಕ್ಕೆ ಎರಡು ಕಾರಣ ಇದೆ. ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡಲು ರಾತ್ರಿ ಈ ಮರಳಿಗೇ ಹತ್ತುತ್ತವೆ. ಇನ್ನೊಂದು ಕಾರಣ ನಮ್ಮ ಕರಾವಳಿಯವರಿಗೆ ಗೊತ್ತಿರುವ ಕಳ್ಳಕಡಲು. ಗಾಳಿ ಇಲ್ಲ, ಮಳೆ ಇಲ್ಲ, ಆಕಾಶ ತಿಳಿಯಾಗಿದೆ. ಆದರೂ ದೂರದ ಸಾಗರದಲ್ಲಿ ಎದ್ದ ಅಲೆ ಇಲ್ಲಿಯ ದಂಡೆಗೆ ನುಗ್ಗುತ್ತದೆ. ಮುಖ್ಯವಾಗಿ ಏಪ್ರಿಲ್, ಮೇ ತಿಂಗಳ ಕಾಟ ಇದು. ಹೈದರಾಬಾದಿನ ಇನ್ಕಾಯಿಸ್ (INCOIS) ಎಂಬ ಸಾಗರ ಮಾಹಿತಿ ಸಂಸ್ಥೆ ಇದರ ಮುನ್ನೆಚ್ಚರಿಕೆ ಕೊಡುತ್ತದೆ. ಯಾವ ತಿಂಗಳಾದರೂ ಹೊರಡುವ ಹಿಂದಿನ ದಿನ ಅದನ್ನು ನೋಡಿಯೇ ಹೊರಡಿ.

ಬೇಕಲದಿಂದ ಶುರು ಮಾಡುತ್ತೇನೆ, ಎಲ್ಲರೂ ಮೊದಲು ಹೇಳುವ ಹೆಸರು ಅದು. ಕೆಳದಿಯ ಶಿವಪ್ಪನಾಯಕ 1650ರ ಹೊತ್ತಿಗೆ ಕಟ್ಟಿಸಿದ ಕೋಟೆ, ಸುಮಾರು 40 ಎಕರೆ ಜಾಗ. ಮಕ್ಕಳು ದಣಿಯುವಷ್ಟು ಓಡಬಹುದು. ಪಕ್ಕದ ಬೀಚಿನಲ್ಲಿ ಶೌಚಾಲಯ, ಅಂಗಡಿ, ಪಾರ್ಕಿಂಗ್ ಎಲ್ಲ ಇದೆ. ಬೇಕಲ ಕೋಟೆ ಹೆಸರಿನದೇ ರೈಲು ನಿಲ್ದಾಣವೂ ಇದೆ, ಆದರೆ ಎಲ್ಲ ರೈಲು ಅಲ್ಲಿ ನಿಲ್ಲುವುದಿಲ್ಲ. ಬುರುಜಿನ ಮೇಲೆ ನಿಂತು ಬೈನಾಕ್ಯುಲರ್‌ನಲ್ಲಿ ಕಡಲು ನೋಡುತ್ತಿದ್ದಾಗ ಬೆನ್ನಿನ ಮೇಲೆ ಗೂನಿರುವ ಡಾಲ್ಫಿನ್‌ಗಳು ಕಂಡವು. ದಡದ ಹತ್ತಿರದ ಆಳವಿಲ್ಲದ ನೀರಿನಲ್ಲೇ ಓಡಾಡುವ ಜಾತಿ ಅದು, ಹಾಗಾಗಿ ಎತ್ತರದಲ್ಲಿ ನಿಂತರೆ ಕಾಣುವ ಅವಕಾಶ ಜಾಸ್ತಿ. ಅದೊಂದೇ ವಿಷಯದಲ್ಲಿ ಬೇಕಲ ಉಳಿದೆರಡನ್ನು ಮೀರಿಸುತ್ತದೆ. ಆದರೆ ಸಂಜೆ ಕೋಟೆಯ ಬಾಗಿಲು ಹಾಕುತ್ತಾರೆ. ಆಮೇಲೆ ಇರುವುದು ದೀಪ, ಜನ, ಸ್ಪೀಕರು. ಕಾಪಿಲ್ ಕಡೆ ಗಲಾಟೆ ಕಡಿಮೆ, ಆದರೆ ಅಲ್ಲಿ ಉಳಿಯಲು ಸಿಗುವ ಜಾಗಗಳಿಗೆ ಖರ್ಚು ಜಾಸ್ತಿ. ಬೇಕಲ ಹಗಲಿಗೆ ಒಳ್ಳೆಯದು. ರಾತ್ರಿಗೆ ನಾನು ಇನ್ನೊಮ್ಮೆ ಆರಿಸುವುದಿಲ್ಲ.

ಶಿರಿಯ ಬೇರೆಯೇ. ಇಲ್ಲಿ ನಮಗೆ ಮೊದಲು ಸಿಗುವ ಅನುಕೂಲ ಮಾತಿನದು. ಕನ್ನಡದಲ್ಲೋ ತುಳುವಿನಲ್ಲೋ ಕೇಳಿದರೆ ಸಾಕು, "ತೋಟದಲ್ಲಿ ಹಾಕಿ ಮಾರಾಯ್ರೇ, ಬಾವಿ ಅಲ್ಲೇ ಉಂಟು" ಅಂದರು. ಬೆಳಿಗ್ಗೆ ಇಳಿತದ ಹೊತ್ತಿಗೆ ಅಳಿವೆಯ ಕೆಸರು ಮೇಲೆ ಬರುತ್ತದೆ. ಆಗ ನೋಡಬೇಕು. ದೂರದ ದೇಶಗಳಿಂದ ಚಳಿಗಾಲ ಕಳೆಯಲು ಬಂದ ಗೊರವಗಳು ಗುಂಪಾಗಿ ಓಡುತ್ತವೆ, ನಿಲ್ಲುತ್ತವೆ, ಕೆಸರಿಗೆ ಕೊಕ್ಕು ಹಾಕುತ್ತವೆ. ಕಡಲಕ್ಕಿಗಳು ಮರಳಿನ ದಿಬ್ಬದ ಮೇಲೆ ಎಲ್ಲ ಒಂದೇ ಕಡೆ ಮುಖ ಮಾಡಿ ಕೂತಿರುತ್ತವೆ. ಗಾಳಿ ಯಾವ ಕಡೆಯದು ಅಂತ ಅದರಲ್ಲೇ ಗೊತ್ತಾಗುತ್ತದೆ. ಎರಡು ತಾಸು ಕಳೆದರೆ ನೀರು ಏರಿ ಎಲ್ಲ ಮುಗಿಯುತ್ತದೆ.

ಹಾಗಾಗಿ ಶಿರಿಯಕ್ಕೆ ಹೋಗುವವರು ದಿನ ಆರಿಸುವಾಗ ಉಬ್ಬರ-ಇಳಿತದ ಸಮಯ ನೋಡಲೇಬೇಕು. ಅದು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಶನಿವಾರ ಸರಿ ಇದ್ದದ್ದು ಮುಂದಿನ ಶನಿವಾರ ಪೂರ್ತಿ ಉಲ್ಟಾ ಆಗಿರಬಹುದು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಇಳಿಯುತ್ತದೆ, ಕೆಸರೂ ಜಾಸ್ತಿ ಕಾಣುತ್ತದೆ. ಅಮಾವಾಸ್ಯೆ ಆದರೆ ರಾತ್ರಿ ನಕ್ಷತ್ರವೂ ಸಿಗುತ್ತದೆ. ನಾನಾದರೆ ಅದನ್ನೇ ಆರಿಸುತ್ತೇನೆ.

ನೀರು ಏರಿದ ಮೇಲೆ ಸುಮ್ನೆ ಕೂರಬೇಕಾಗಿಲ್ಲ. ಆರಿಕ್ಕಾಡಿ ಕೋಟೆ ಹತ್ತಿರ. ಒಳಗೆ ಹೋದರೆ ಕಿದೂರು, ಕಾಡುಹಕ್ಕಿ ನೋಡುವವರಿಗೆ ಚೆನ್ನಾಗಿ ಗೊತ್ತಿರುವ ಊರು. ಮುರಕಲ್ಲಿನ ಗುಡ್ಡ, ಮರಗಳು, ಬೆಳಿಗ್ಗೆಯಿಡೀ ಹಕ್ಕಿಯ ಕೂಗು. ಅನಂತಪುರದ ಕೆರೆ ದೇವಸ್ಥಾನವೂ ಅದೇ ಸುತ್ತಿನಲ್ಲಿ ಬರುತ್ತದೆ. ಅಲ್ಲಿಯ ಮೊಸಳೆ ಬಬಿಯಾ 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡದ್ದು ಕೇಳಿ ನಮ್ಮ ಮನೆಯಲ್ಲಿ ಎಲ್ಲರಿಗೂ ಬೇಜಾರಾಗಿತ್ತು. ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಶಿರಿಯದ ಕೊರತೆ ಒಂದೇ: ಹೆದ್ದಾರಿಯೂ ರೈಲು ಹಳಿಯೂ ಹತ್ತಿರ. ರಾತ್ರಿ ಅಲೆಯ ಸದ್ದಿನ ಜೊತೆ ರೈಲಿನ ಸದ್ದೂ ಇರುತ್ತದೆ. ನಿದ್ದೆ ಹಗುರ ಇರುವವರಿಗೆ ಕಷ್ಟ.

ಈಗ ವಲಿಯಪರಂಬ. ಒಂದು ಕಡೆ ಅರಬ್ಬಿ ಕಡಲು, ಇನ್ನೊಂದು ಕಡೆ ಕವ್ವಾಯಿ ಹಿನ್ನೀರು, ನಡುವೆ ಸುಮಾರು 24 ಕಿಲೋಮೀಟರ್ ಉದ್ದದ ಮರಳಿನ ಪಟ್ಟಿ. ಕೆಲವು ಕಡೆ ಹಿನ್ನೀರಿನಿಂದ ಕಡಲಿಗೆ ನಡೆಯಲು ಐದು ನಿಮಿಷ ಸಾಕು. ಕೊಡಗಿನ ಕಾಡಿನಲ್ಲಿ ಹುಟ್ಟಿದ ಕಾರ್ಯಂಗೋಡು ಹೊಳೆ ಕೂಡ ಬಂದು ಸೇರುವುದು ಈ ಹಿನ್ನೀರಿಗೇ. ಹೀಗಾಗಿ ಇಲ್ಲಿ ಅಳಿವೆ ಹುಡುಕಿಕೊಂಡು ಹೋಗಬೇಕಾಗಿಲ್ಲ, ಎಲ್ಲಿ ಉಳಿದರೂ ನೀವು ಅದರ ಮಗ್ಗುಲಲ್ಲೇ ಇರುತ್ತೀರಿ. ಚೆರುವತ್ತೂರು ಅಥವಾ ತೃಕ್ಕರಿಪುರದಲ್ಲಿ ರೈಲು ಇಳಿದು ಸೇತುವೆ ದಾಟಿದರೆ ಆಯಿತು.

ನಾವು ಟೆಂಟ್ ಹಾಕಿದ ಮನೆಯ ಅಮ್ಮ ಮಲಯಾಳ ಮಾತ್ರ ಮಾತಾಡುವವರು. ನಮ್ಮ ಹರಕುಮುರುಕು ಮಲಯಾಳ ಅವರಿಗೆ ಸಾಕಾಯಿತು. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಮತ್ತಿ ಸಾರು, ಕಲ್ಲುಮ್ಮಕಾಯಿ. ಕಲ್ಲುಮ್ಮಕಾಯಿ ಅಂದರೆ ಕಾಯಿಯಲ್ಲ, ಚಿಪ್ಪಿನೊಳಗಿನ ಮಸೆಲ್; ಇದು ಪಡನ್ನ ಸುತ್ತಿನ ಹಿನ್ನೀರಿನಲ್ಲೇ ಬೆಳೆಸಿದ್ದು. ಬಿದಿರಿನ ಕಂಬಗಳಿಗೆ ಹಗ್ಗ ಇಳಿಬಿಟ್ಟು ಅದರಲ್ಲಿ ಸಣ್ಣ ಮರಿಗಳನ್ನು ಕಟ್ಟುತ್ತಾರೆ. ಮಳೆ ಹಿಡಿದು ನೀರು ಸಿಹಿಯಾಗುವ ಮೊದಲು ಎತ್ತಿಬಿಡಬೇಕು, ಇಲ್ಲದಿದ್ದರೆ ಸಾಯುತ್ತವೆ. ಭಾವನಿಗೆ ಮೀನಿಗಿಂತ ಈ ಹಗ್ಗಗಳ ಲೆಕ್ಕಾಚಾರವೇ ರುಚಿಸಿತು.

ಇಲ್ಲಿ ಹಿನ್ನೀರಿಗಿಳಿಯಲು ಮೋಟಾರು ದೋಣಿ, ಕಯಾಕ್ ಎರಡೂ ಸಿಗುತ್ತವೆ. ಎರಡನ್ನೂ ನೋಡಿದೆವು. ದೋಣಿಯಲ್ಲಿ ಜಾಸ್ತಿ ದೂರ ಹೋಗಬಹುದು, ವಯಸ್ಸಾದವರಿಗೂ ಆಗುತ್ತದೆ. ಆದರೆ ಎಂಜಿನ್ ಸದ್ದಿಗೆ ಬೆಳ್ಳಕ್ಕಿ, ನೀರುಕಾಗೆ ಎಲ್ಲ ಮೊದಲೇ ಹಾರಿಬಿಡುತ್ತವೆ. ಕಯಾಕ್‌ನಲ್ಲಿ ಕಾಂಡ್ಲಾ ಗಿಡದ ಬೇರಿನವರೆಗೂ ಸದ್ದಿಲ್ಲದೆ ಹೋದೆವು. ತಲೆಯ ಮೇಲೇ ಮಿಂಚುಳ್ಳಿ ಕೂತಿತ್ತು. ಲೈಫ್ ಜಾಕೆಟ್ ಹಾಕಿ, ಇಳಿತಕ್ಕೆ ಮೊದಲೇ ತಿರುಗಿ ಬನ್ನಿ. ನೀರು ಕಡಲ ಕಡೆ ಎಳೆಯಲು ಶುರುವಾದರೆ ಹುಟ್ಟು ಹಾಕುವುದು ದಂಡ.

ಮೇಲೆ ನೋಡುವುದನ್ನೂ ಮರೆಯಬೇಡಿ. ಬಿಳಿಹೊಟ್ಟೆಯ ಕಡಲಹದ್ದು ಕಾಸರಗೋಡು ಜಿಲ್ಲೆಯ ಅಧಿಕೃತ ಪಕ್ಷಿ. ದಡದ ಎತ್ತರದ ಮರದಲ್ಲಿ ಗೂಡು ಕಟ್ಟಿ, ವರ್ಷ ವರ್ಷವೂ ಅದಕ್ಕೇ ಕಡ್ಡಿ ಸೇರಿಸುತ್ತದೆ. ಹೊಟ್ಟೆ, ಕುತ್ತಿಗೆ ಬಿಳಿ, ರೆಕ್ಕೆ ಬೂದು, ಗರುಡನಿಗಿಂತ ತುಂಬಾ ದೊಡ್ಡದು. ಗೂಡಿನ ಮರ ಕಂಡರೆ ಅದರ ಕೆಳಗೆ ಟೆಂಟ್ ಬೇಡ. ಚಳಿಗಾಲ ಅದಕ್ಕೆ ಮರಿ ಇರುವ ಕಾಲ.

ಆಮೆಯ ವಿಷಯಕ್ಕೆ ಬಂದರೆ, ವಲಿಯಪರಂಬದಿಂದ ಉತ್ತರಕ್ಕೆ ನೀಲೇಶ್ವರದ ತೈಕಡಪ್ಪುರದಲ್ಲಿ ಊರಿನ ಜನರೇ ವರ್ಷಗಳಿಂದ ಮೊಟ್ಟೆ ಕಾಯುತ್ತಿದ್ದಾರೆ. ಒಂದು ಆಮೆ ಸಾಮಾನ್ಯವಾಗಿ ನೂರರ ಆಸುಪಾಸು ಮೊಟ್ಟೆ ಇಡುತ್ತದೆ. ಮರಿ ಬರಲು ಒಂದೂವರೆಯಿಂದ ಎರಡು ತಿಂಗಳು. ನಾಯಿ, ನರಿ, ಮನುಷ್ಯ ಮೂವರಿಂದಲೂ ಅವನ್ನು ಕಾಪಾಡಬೇಕು. ಮರಿ ಬಿಡುವುದನ್ನು ನೋಡುವ ಆಸೆ ಇದ್ದರೆ ಫೆಬ್ರವರಿ, ಮಾರ್ಚ್‌ನಲ್ಲಿ ಹೋಗಿ ಅವರನ್ನು ಕೇಳಿ, ಅವರು ಹೇಳಿದಲ್ಲಿ ನಿಲ್ಲಿ. ಟಾರ್ಚಿಗೆ ಕೆಂಪು ಗಾಜುಕಾಗದ ಕಟ್ಟಿ. ಮರಿಗಳು ಬೆಳಕಿದ್ದ ಕಡೆ ಹೋಗುತ್ತವೆ. ನಮ್ಮ ಮೊಬೈಲಿನ ಬಿಳಿ ಬೆಳಕು ಅವನ್ನು ಕಡಲಿನಿಂದ ರಸ್ತೆ ಕಡೆ ತಿರುಗಿಸುತ್ತದೆ. ಬೇಕಲದ ರಾತ್ರಿಯ ದೀಪಗಳ ಬಗ್ಗೆ ನನಗೆ ಬೇಜಾರು ಇರುವುದೂ ಇದೇ ಕಾರಣಕ್ಕೆ.

ಕತ್ತಲು, ಹಕ್ಕಿ, ನೀರು, ಊಟ ಎಲ್ಲದರಲ್ಲೂ ನನ್ನ ಆಯ್ಕೆ ವಲಿಯಪರಂಬ. ತೀರಾ ಸಣ್ಣ ಮಕ್ಕಳಿದ್ದರೆ ಹಗಲು ಬೇಕಲದಲ್ಲಿ ಕಳೆದು, ಸಂಜೆ ರೈಲು ಹಿಡಿದು ಚೆರುವತ್ತೂರಿಗೆ ಬನ್ನಿ. ಒಂದೇ ದಿನ ರಜೆ ಇದ್ದು ಮಂಗಳೂರಿನಿಂದ ಬರುವವರಾದರೆ ಶಿರಿಯ ಸಾಕು, ಮಧ್ಯಾಹ್ನಕ್ಕೆ ಮನೆ ಸೇರಬಹುದು.

ಸಾಮಾನಿನ ಬಗ್ಗೆ ಎರಡು ಮಾತು. ಮರಳು ಕಲಸಿದ ತೋಟದ ನೆಲದಲ್ಲಿ ಟೆಂಟಿನ ಗೂಟ ನಿಲ್ಲುವುದಿಲ್ಲ. ಖಾಲಿ ಅಕ್ಕಿ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಣಕೈ ಆಳಕ್ಕೆ ಹೂತರೆ ರಾತ್ರಿಯ ಗಾಳಿಗೂ ಅಲುಗುವುದಿಲ್ಲ. ಟೆಂಟ್ ಹಾಕುವ ಮೊದಲು ತಲೆ ಎತ್ತಿ ನೋಡಿ, ಕಾಯಿ ಬಲಿತ ತೆಂಗಿನಿಂದ ದೂರ ಇರಿ. ಹಿನ್ನೀರಿನ ಕಡೆ ಸಂಜೆ ಸೊಳ್ಳೆ ಜಾಸ್ತಿ, ಹಾಗಾಗಿ ಬಾಗಿಲನ್ನು ಕಡಲ ಗಾಳಿಗೆ ಎದುರಾಗಿ ಇಡಿ. ಕುಡಿಯುವ ನೀರು ಮನೆಯಿಂದಲೇ ತನ್ನಿ, ಅಲ್ಲಿಯ ಕೆಲವು ಬಾವಿಗಳಲ್ಲಿ ಬೇಸಿಗೆ ಬರುತ್ತಿದ್ದಂತೆ ಉಪ್ಪು ಹತ್ತುತ್ತದೆ.