ಕೊಳಚೆನೀರಿನಿಂದ ಮರಳಿ ಪಡೆದ ರಂಜಕ: ಸ್ಟ್ರುವೈಟ್ ಗೊಬ್ಬರ ಬಳಸಿ ನೋಡಿದಾಗ

ಕೊಳಚೆನೀರು ಶುದ್ಧೀಕರಣ ಘಟಕಗಳ ಕೊಳವೆಗಳಲ್ಲಿ ಕಲ್ಲಿನಂತೆ ಕಟ್ಟಿಕೊಂಡು ತಲೆನೋವಾಗಿದ್ದ ಸ್ಟ್ರುವೈಟ್ ಈಗ ಚೀಲಗಳಲ್ಲಿ ಗೊಬ್ಬರವಾಗಿ ಬರುತ್ತಿದೆ. ಮೆಗ್ನೀಸಿಯಂ, ಅಮೋನಿಯಂ ಮತ್ತು ಫಾಸ್ಫೇಟ್ ಸೇರಿ ಆಗುವ ಈ ಹರಳನ್ನು ಒಂದು ಹಂಗಾಮು ಮೆಕ್ಕೆಜೋಳಕ್ಕೆ ಮೂಲಗೊಬ್ಬರವಾಗಿ ಹಾಕಿ, ಪಕ್ಕದ ಮಡಿಗಳಿಗೆ ಅಷ್ಟೇ ರಂಜಕ ಸಿಗುವಂತೆ ಡಿಎಪಿ (ಡೈ ಅಮೋನಿಯಂ ಫಾಸ್ಫೇಟ್ ಗೊಬ್ಬರ) ಕೊಟ್ಟು ಹೋಲಿಸಿ ನೋಡಿದ್ದೇನೆ.

ಚೀಲದ ಮೇಲೆ 5-28-0 (ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್‌ನ ಶೇಕಡಾ ಪ್ರಮಾಣ), ಜೊತೆಗೆ ಶೇ 10ರಷ್ಟು ಮೆಗ್ನೀಸಿಯಂ ಎಂದು ಮುದ್ರಿಸಲಾಗಿದೆ. ಡಿಎಪಿಯದು 18-46-0 ಆದ್ದರಿಂದ ಅಷ್ಟೇ ರಂಜಕಕ್ಕೆ ಇದು ಒಂದೂವರೆ ಪಟ್ಟಿಗೂ ಹೆಚ್ಚು ತೂಕ ಬೇಕು. ಸಾರಜನಕವನ್ನಂತೂ ಬೇರೆಯಾಗಿಯೇ ಕೊಡಬೇಕು. ಮುಖ್ಯವಾದ ವ್ಯತ್ಯಾಸ ಕರಗುವಿಕೆಯಲ್ಲಿದೆ. ಡಿಎಪಿ ನೀರಿನಲ್ಲಿ ಬೇಗ ಕರಗುತ್ತದೆ. ಸ್ಟ್ರುವೈಟ್ ನೀರಿಗೆ ಅಷ್ಟಾಗಿ ಜಗ್ಗದೆ, ಬೇರುಗಳು ಸ್ರವಿಸುವ ಸಿಟ್ರಿಕ್ ಆಮ್ಲದಂತಹ ಆಮ್ಲಗಳಿಗೆ ರಂಜಕವನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ. ಮಳೆಗೆ ಕೊಚ್ಚಿಹೋಗುವುದು ಕಡಿಮೆ ಎಂಬುದು ಇದರ ಗುಣವಾದರೆ, ಎಳೆಯ ಸಸಿಗೆ ಬೇಕಾದಾಗ ಸಿಗದಿರುವುದು ಇದರ ದೋಷ. ನನ್ನ ಕ್ಷಾರೀಯ ಮಣ್ಣಿನಲ್ಲಿ ಸ್ಟ್ರುವೈಟ್ ಮಾತ್ರ ಹಾಕಿದ ಮಡಿಗಳಲ್ಲಿ ಎಳೆಯ ಸಸಿಗಳ ಕೆಳಗಿನ ಎಲೆಗಳು ಮೊದಲ ವಾರಗಳಲ್ಲಿ ರಂಜಕದ ಕೊರತೆಯ ನೇರಳೆ ಬಣ್ಣಕ್ಕೆ ತಿರುಗಿದ್ದವು. ಬೇರು ಹರಡಿದ ಮೇಲೆ ಸಸಿಗಳು ಚೇತರಿಸಿಕೊಂಡವು, ಆದರೂ ತೆನೆ ಬರುವುದು ತುಸು ತಡವಾಯಿತು. ಆಮ್ಲೀಯ ಮಣ್ಣಿನವರಿಗೆ ಈ ತೊಂದರೆ ಕಡಿಮೆ.

'ಇನ್ನು ಗಣಿಯ ಹಂಗಿಲ್ಲ' ಎಂಬ ಧಾಟಿಯ ಜಾಹೀರಾತನ್ನು ಮಾತ್ರ ಒಪ್ಪಲಾರೆ. ಜಗತ್ತಿನ ತಿಳಿದಿರುವ ಶಿಲಾರಂಜಕದ (ಗಣಿಯಿಂದ ತೆಗೆದು ರಂಜಕ ಗೊಬ್ಬರ ಮಾಡುವ ಕಲ್ಲಿನ) ನಿಕ್ಷೇಪದಲ್ಲಿ ಸುಮಾರು ಶೇ 70ರಷ್ಟು ಮೊರಾಕ್ಕೊ ಮತ್ತು ಪಶ್ಚಿಮ ಸಹಾರಾದಲ್ಲಿದೆ. 2008ರಲ್ಲಿ ಅದರ ಬೆಲೆ ಹಲವು ಪಟ್ಟು ಏರಿದಾಗ ಈ ಅವಲಂಬನೆಯ ಅಪಾಯ ಎಲ್ಲರಿಗೂ ಕಂಡಿತು, 2014ರಲ್ಲಿ ಐರೋಪ್ಯ ಒಕ್ಕೂಟ ಶಿಲಾರಂಜಕವನ್ನು ನಿರ್ಣಾಯಕ ಕಚ್ಚಾವಸ್ತುಗಳ ಪಟ್ಟಿಗೆ ಸೇರಿಸಿತು. ಹೀಗಿರುವಾಗ ಮರುಪಡೆಯುವ ಪ್ರತಿಯೊಂದು ಕಿಲೋಗೂ ಬೆಲೆಯಿದೆ, ನಿಜ. ಆದರೆ ಘಟಕಕ್ಕೆ ಬರುವ ರಂಜಕದ ಒಂದು ಪಾಲಷ್ಟೇ ಸ್ಟ್ರುವೈಟ್ ಆಗುತ್ತದೆ. ಬಹುಪಾಲು ಕೆಸರಿನಲ್ಲೇ ಉಳಿಯುತ್ತದೆ. ಹೊಲದಿಂದಲೇ ಕೊಚ್ಚಿಹೋಗಿ ಹೊಳೆ ಸೇರಿದ ರಂಜಕವಂತೂ ಘಟಕದ ಬಾಗಿಲನ್ನೇ ನೋಡುವುದಿಲ್ಲ. (1669ರಲ್ಲಿ ಜರ್ಮನಿಯ ರಸವಾದಿ ಹೆನ್ನಿಗ್ ಬ್ರಾಂಡ್ ರಂಜಕವನ್ನು ಮೊದಲು ಪಡೆದದ್ದು ಮೂತ್ರದಿಂದಲೇ ಎಂಬುದು ಇಲ್ಲಿ ನೆನಪಾಗುತ್ತದೆ.)

ಗೊಬ್ಬರಕ್ಕೆ ವಾಸನೆಯಿಲ್ಲ, ಶೇಖರಣೆಯಲ್ಲಿ ಗಂಟು ಕಟ್ಟಲಿಲ್ಲ. ಶಿಲಾರಂಜಕದಿಂದ ತಯಾರಾದ ಹಲವು ಗೊಬ್ಬರಗಳಿಗಿಂತ ಇದರಲ್ಲಿ ಕ್ಯಾಡ್ಮಿಯಂ ಎಂಬ ವಿಷಲೋಹ ಕಡಿಮೆ ಎಂಬುದೂ ಗಣನೀಯ. ಆದರೆ ರಂಜಕದಲ್ಲಿ ಎಷ್ಟು ಪಾಲು ನೀರಿನಲ್ಲಿ ಕರಗುತ್ತದೆ ಎಂಬುದನ್ನು ಚೀಲದ ಮೇಲೆ ನಮೂದಿಸದಿರುವುದು ದೊಡ್ಡ ಲೋಪ. ಅದು ಮೊದಲೇ ತಿಳಿದಿದ್ದರೆ ಬಿತ್ತನೆಯ ಸಾಲಿಗೆ ಸ್ವಲ್ಪ ಡಿಎಪಿ ಸೇರಿಸುತ್ತಿದ್ದೆ. ಮುಂದಿನ ಹಂಗಾಮಿಗೆ ಸಣ್ಣ ಕಾಳಿನ ಸ್ಟ್ರುವೈಟನ್ನು ಹೀಗೆ ಡಿಎಪಿ ಜೊತೆ ಬೆರೆಸಿ ಹಾಕಲಿದ್ದೇನೆ.